ಬಾನೆಟ್ ತಟ್ಟಿ

ಸಿದ್ದಾಪುರದ ತಳ್ಳುಗಾಡಿಯಲ್ಲಿ
ಅವರೆಕಾಯಿಗೆ ಸೊಗಡು ಹತ್ತಿತೆಂದರೆ
ನನ್ನ ಕಾರನ್ನು ಅಫ್ಸರ್ ಪಾಷಾರ ಶೆಡ್ಡಿಗೆ ಬಿಡುತ್ತೇನೆ.
ಕ್ಯಾಲೆಂಡರ್ ನೋಡುವುದಿಲ್ಲ. ಮೂಗು ಸಾಕು.

"ಬಂತಾ ಮೇಡಂ, ನಿಮ್ಮ ಕಾಶ್ಮೀರ?"
ಹದಿನಾಲ್ಕು ಡಿಗ್ರಿಗೇ ಮಂಕಿ ಕ್ಯಾಪು ಹಾಕುವ ಊರು,
ಟೈರಿಗೆ ಸರಪಳಿ ಕಟ್ಟಿದ್ದನ್ನು ಕಂಡವರಿಲ್ಲ,
ನಗುವುದು ಸುಲಭ.
ಬೆಳಗಿನ ಜಾವ ಮೂರೂವರೆಗೆ
ಯಾರದೋ ಸೂಟ್‌ಕೇಸು ತುಂಬಿಕೊಂಡು
ಯಲಹಂಕ ದಾಟಿದವಳು ನಗುವುದಿಲ್ಲ.

ಹೋದ ಪುಷ್ಯದಲ್ಲಿ
ಚಿಕ್ಕಬಳ್ಳಾಪುರಕ್ಕೆ ಒಬ್ಬನನ್ನು ಬಿಡಲು ಹೊರಟಿದ್ದೆ.
ರಾಣಿ ಕ್ರಾಸಿನ ಆಚೆ
ಇದ್ದ ರಸ್ತೆ ಇಲ್ಲವಾಯಿತು.
ಕಾಣಲಿ ಎಂದು ಹೈ ಬೀಮ್ ಹಾಕಿದೆ.
ಬೆಳಕು ಮುಂದೆ ಹೋಗಿ ಒಂದು ಗೋಡೆಗೆ ಸುಣ್ಣ ಬಳಿದು
ನನ್ನ ಕಣ್ಣಿಗೇ ವಾಪಸು ಬಂತು.
ಆ ಸುಣ್ಣದೊಳಗಿಂದ ಒಂದು ಕಲ್ಲಿನ ಲಾರಿ,
ಹಿಂದೆ ದೀಪವಿಲ್ಲ, ನಂಬರಿನ ಮೇಲೆ ಧೂಳು.
"ತಾಯಿಯ ಆಶೀರ್ವಾದ" ಎಂಬುದನ್ನು
ಒಂದು ಮಾರು ದೂರದಿಂದ ಓದಿದೆ.
ಹಿಂದಿನ ಸೀಟಿನವನಿಗೆ ನಿದ್ದೆ ಹರಿಯಿತು.
ಇಳಿದ ಮೇಲೆ ಮೂರೇ ಸ್ಟಾರ್ ಕೊಟ್ಟ,
ಬ್ರೇಕು ಒರಟಂತೆ.

ಈ ಕತೆ ಕೇಳಿ ಪಾಷಾ ಮಾತಾಡಲಿಲ್ಲ.
ನನ್ನ ಸೀಟಿನಲ್ಲಿ ಕೂತು
ಮುಂದಿನ ಗಾಜಿನ ಒಳಮೈಗೆ ಬೆರಳೆಳೆದು ತೋರಿಸಿದರು.
ಕಂದು ಜಿಡ್ಡು.
"ಮಂಜು ಅರ್ಧ ಹೊರಗೆ ಮೇಡಂ. ಅರ್ಧ ಇಲ್ಲಿ."
ಡ್ಯಾಶ್‌ಬೋರ್ಡಿನ ಪುಟ್ಟ ಮುನೇಶ್ವರನಿಗೆ
ದಿನಕ್ಕೆರಡು ಊದಿನಕಡ್ಡಿ:
ಒಂದು ವರ್ಷದ ಭಕ್ತಿ ಗಾಜಿಗೆ ಹತ್ತಿತ್ತು.
ಹಳೆ ಪೇಪರಿನಿಂದ ಒರೆಸಿದರು, ಮಡಚಿ ಮತ್ತೆ ಒರೆಸಿದರು,
ದೇವರ ಬಗ್ಗೆ ಒಂದು ಮಾತೂ ಆಡಲಿಲ್ಲ.
ಅಂದಿನಿಂದ ಮುನೇಶ್ವರನಿಗೆ ಹೂವು ಮಾತ್ರ.

ಏಪ್ರಿಲ್ ಬಿಸಿಲು ತಿಂದ ವೈಪರ್ ರಬ್ಬರು
ಕಿತ್ತರೆ ಕರಿಬೇವಿನ ಕಡ್ಡಿ.
ಬ್ಯಾಟರಿ ತಲೆಯ ಮೇಲೆ ಹೂಕೋಸಿನ ಹಾಗೆ
ಅರಳಿ ಕೂತ ಬಿಳಿ ಉಪ್ಪು;
ಶಿಷ್ಯ ಮುರುಗೇಶ ಟೀ ಅಂಗಡಿಯಿಂದ ಬಿಸಿನೀರು ತಂದ,
ಸೋಡಾಪುಡಿ ಉದುರಿಸಿ ತೊಳೆದ,
ಮೇಲೆ ವ್ಯಾಸಲೀನ್ ಸವರಿ ಉಳಿದದ್ದನ್ನು
ತನ್ನ ಒಡೆದ ತುಟಿಗೆ ಹಚ್ಚಿಕೊಂಡ.

ಪಾಷಾ ಒಂದು ರೂಪಾಯಿ ನಾಣ್ಯವನ್ನು
ಟೈರಿನ ಗೆರೆಗೆ ತೂರಿಸಿ ಬಗ್ಗಿ ನೋಡಿದರು.
ಮೂರು ಪಾಸು. ಹಿಂದಿನ ಎಡಗಡೆಯದು ಫೇಲು.
ಪರ್ಸಿನಲ್ಲಿದ್ದದ್ದು ಮಗಳ ಟ್ಯೂಷನ್ ದುಡ್ಡು.
"ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ,
ಅಲ್ಲಿ ತನಕ ಓಡಲ್ವಾ?"
"ಓಡುತ್ತೆ," ಅಂದರು.
"ನಿಲ್ಲುತ್ತಾ ಅಂತ ಕೇಳಿ."

ಕೇಳಲಿಲ್ಲ. ಹಾಕಿಸಿದೆ.

"ಮಂಜಿನ ಎದುರು ಕಣ್ಣು ಕೆಕ್ಕರಿಸಬೇಡಿ,
ದೀಪ ತಗ್ಗಿಸಿ ಹೋಗಿ,
ಹೊಸ ನೆಂಟರ ಮನೆಗೆ ಹೋದ ಹಾಗೆ."
ಕೀ ಕೊಡುವಾಗ ಕೈ ತಡೆಯಿತು.
"ಇನ್ನೊಂದು. ಚಳಿಗೆ ಬೆಕ್ಕು ಇಂಜಿನ್ ಸಂದಿಯಲ್ಲಿ ಮಲಗುತ್ತೆ.
ಎಂಬತ್ತೊಂಬತ್ತರಲ್ಲಿ ನಾನು ನೋಡದೆ ಸ್ಟಾರ್ಟ್..."
ಅಷ್ಟಕ್ಕೇ ಬಿಟ್ಟು
ಸೋಪಿನ ಪುಡಿ ಹಾಕಿ ಕೈ ತೊಳೆಯತೊಡಗಿದರು,
ಆಗಲೇ ತೊಳೆದಿದ್ದ ಕೈ.

ಇವತ್ತು ಮೂರೂಕಾಲು. ಲಕ್ಕಸಂದ್ರದ ಗಲ್ಲಿ.
ಹೊಸ ಟೈರಿನ ಮೇಲೂ ಇಬ್ಬನಿ.
ಮಲಗಿದ ಮನೆಯ ಬಾಗಿಲು ಬಡಿದಂತೆ
ಬಾನೆಟ್ ಮೇಲೆ ಮೂರು ಸಲ ತಟ್ಟಿದೆ.
ಏನಿಲ್ಲ.
ನಾಲ್ಕನೆಯದಕ್ಕೆ ಕೆಳಗಿನಿಂದ ಹಳದಿಯದೊಂದು ಜಾರಿ
ಎದುರುಮನೆಯ ಸ್ಕೂಟರಿನ ಅಡಿ ಕೂತು,
ಬಾಡಿಗೆ ಕೊಟ್ಟೂ ಖಾಲಿ ಮಾಡಿಸಿದರೆಂಬಂತೆ
ನನ್ನನ್ನೇ ನೋಡಿತು.

ಫೋನು ಕೂಗುತ್ತಿತ್ತು, ಪಿಕಪ್ಪಿಗೆ ತಡ.
ನಾನು ಇನ್ನೂ ಕೈ ಎತ್ತಿರಲಿಲ್ಲ.
ರಾತ್ರಿ ಎಂಟಕ್ಕೇ ನಿಲ್ಲಿಸಿದ ಗಾಡಿ,
ಬಾನೆಟ್ಟು ಅಲ್ಲಿ ಒಂದು ಅಂಗೈಯಗಲ
ಬೆಚ್ಚಗಿತ್ತು.